ಬಾಗಿಲು ತೆರೆದಿಟ್ಟು ಮಾಡಿದ ಪಾಠ

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರಾಗಿದ್ದೆ. ಒಂದು ವರ್ಷ ಯೂನಿವರ್ಸಿಟಿಯವರು ಸಿಲಬಸ್ಸಿಗೆ ಭಯೋತ್ಪಾದನೆ ಅಂತ ಒಂದು ಪಾಠ ತುರುಕಿದರು. ನಮ್ಮ ಪ್ರಿನ್ಸಿಪಾಲರಿಗೆ ನಡುಕ ಹತ್ತಿಕೊಂಡಿತು. ಸುತ್ತೋಲೆ ಹೊರಡಿಸಿಯೇಬಿಟ್ಟರು: ಪಾಠಕ್ಕೆ ಮುಂಚೆ ಅವರ ಲಿಖಿತ ಅನುಮತಿ ಬೇಕು, ಪಾಠ ನಡೆಯುವಾಗ ಬಾಗಿಲು ತೆರೆದಿರಬೇಕು, ಆ ವಿಷಯದ ಪುಸ್ತಕಗಳಿಗೆಲ್ಲ ಬೀರುವಿನಲ್ಲಿ ಬೀಗ.

"ಮೊದಲು ಇದನ್ನ ಕ್ಲಾಸಲ್ಲಿ ಓದಿ ಹೇಳ್ರೀ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರಬಾರದು" ಅಂದರು. ಹಾಳಾಗಿ ಹೋಗಲಿ ಅಂತ ಓದಿದೆ. ಮೇಷ್ಟ್ರು ಹಾಳೆ ಹಿಡಿದು ಓದಿದ್ದೆಲ್ಲ ನಮ್ಮ ಹುಡುಗರಿಗೆ ನೋಟ್ಸೇ. ತಲೆ ಬಗ್ಗಿಸಿ ಪೂರ್ತಿ ಬರೆದುಕೊಂಡರು.

ಟೆಸ್ಟಿನಲ್ಲಿ 'ಭಯೋತ್ಪಾದನೆ ತಡೆಯುವ ಕ್ರಮಗಳನ್ನು ವಿವರಿಸಿ' ಅಂತ ಕೇಳಿದ್ದೆ. ಗುಬ್ಬಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಬರೆದಿದ್ದಳು: "ಭಯೋತ್ಪಾದನೆಗೆ ಮುಂಚೆ ಪ್ರಿನ್ಸಿಪಾಲರ ಲಿಖಿತ ಅನುಮತಿ ಪಡೆಯಬೇಕು. ಅದು ನಡೆಯುವಾಗ ಬಾಗಿಲು ತೆರೆದಿರಬೇಕು."

ಸೊನ್ನೆ ಸುತ್ತಿ, ಮೈಯೆಲ್ಲ ಉರಿದು, ಆ ಪೇಪರನ್ನು ಒಯ್ದು ಪ್ರಿನ್ಸಿಪಾಲರ ಮೇಜಿನ ಮೇಲೆ ಕುಕ್ಕಿದೆ. ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ಮುಖ ಅರಳಿತು.

"ಸೊನ್ನೆ ಯಾಕ್ರೀ ಹಾಕಿದ್ದೀರಿ? ಇಡೀ ಕಾಲೇಜಲ್ಲಿ ನನ್ನ ಸುತ್ತೋಲೆ ಅರ್ಥ ಮಾಡ್ಕೊಂಡಿರೋಳು ಇವಳೊಬ್ಬಳೇ!"