ವಿಐಪಿ ಕೋಣೆಯ ಅಟೆಂಡರ್

ನಮ್ಮ ಸರಕಾರಿ ಆಸ್ಪತ್ರೆಯ ವಿಐಪಿ ಕೋಣೆಗೆಂದೇ ಒಬ್ಬ ಅಟೆಂಡರ್ ಇದ್ದಾನೆ. ಅಲ್ಲಿ ಯಾರಾದರೂ ಮಲಗಿದ್ದನ್ನು ನಾನಂತೂ ಕಂಡಿಲ್ಲ. ಆದರೂ ಅವನು ದಿನಾ ಚಾದರ ಬದಲಾಯಿಸುತ್ತಾನೆ, ಹೂಜಿಗೆ ಹೊಸ ನೀರು ತುಂಬುತ್ತಾನೆ, ಫ್ಯಾನಿನ ರೆಕ್ಕೆಗಳನ್ನು ಮಗುವಿನ ಮುಖ ಒರೆಸಿದಂತೆ ಒರೆಸುತ್ತಾನೆ. ವರಾಂಡದ ನೆಲದಲ್ಲಿ ಮಲಗಿದ ರೋಗಿಗಳ ಕಡೆಯವರು ಇಣುಕಿದರೆ, "ದೊಡ್ಡೋರ ಜಾಗ, ಉಸಿರೂ ತಾಗಿಸ್ಬೇಡಿ!" ಎಂದು ಗದರುತ್ತಾನೆ. ನೊಣವನ್ನೂ ಹುದ್ದೆ ಕೇಳಿಯೇ ಒಳಗೆ ಬಿಡುವ ಆಸಾಮಿ ಎಂದು ನರ್ಸುಗಳು ನಗುತ್ತಾರೆ. ಹೋದ ತಿಂಗಳು ಅವನ ಹೆಂಡತಿಗೇ ಜ್ವರ ಬಂದು ಎಚ್ಚರ ತಪ್ಪುವಂತಾಯಿತು. ವಾರ್ಡಿನಲ್ಲಿ ಮಂಚ ಸಿಗದೆ ಅವಳನ್ನೂ ವರಾಂಡದಲ್ಲೇ ಮಲಗಿಸಿದರು. ಅವನು ದೊಡ್ಡ ಡಾಕ್ಟರ ಕಾಲು ಹಿಡಿದ. "ಮಂತ್ರಿಗಳು ಯಾವಾಗ ಬರ್ತಾರೋ ಹೇಳೋಕಾಗಲ್ಲ ಕಣಯ್ಯಾ" ಎಂದರು ಅವರು. ಬೀಗದ ಕೈ ಅವನ ಸೊಂಟದಲ್ಲೇ ಇತ್ತು; ತೆರೆಯುವ ಧೈರ್ಯ ಬರಲಿಲ್ಲ. "ವಿಐಪಿ ಅಂದ್ರೆ ಯಾರ್ರೀ?" ಎಂದು ಅವಳು ಕ್ಷೀಣವಾಗಿ ಕೇಳಿದಳು. ಅವನು ಅವಳ ಹೊದಿಕೆ ಸರಿಪಡಿಸುತ್ತ, "ಬರದೇ ಇದ್ರೂ ಜಾಗ ಇರೋರು ಕಣೇ" ಎಂದ. ಮೂರನೇ ದಿನ ಅವಳು ತೀರಿಕೊಂಡಳು. ಸ್ಟ್ರೆಚರ್ ಹೊರಟಾಗ ಎಲ್ಲರೂ ತಾವಾಗಿಯೇ ಎದ್ದು ಗೋಡೆಗೆ ಸರಿದಿದ್ದರು. ಆದರೂ ಅವನು ಮುಂದೆ ಮುಂದೆ ನಡೆಯುತ್ತ, ತೆರವಾಗಿದ್ದ ದಾರಿಯ ಉದ್ದಕ್ಕೂ, "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗುತ್ತಲೇ ಇದ್ದ.