ನೀರಿನ ಕ್ಯಾನಿನ ಹಿಂದೆ ಗುತ್ತೂರಿಗೆ

ಬೆಳಿಗ್ಗೆ ಐದೂವರೆಗೆ ನಾವು ಮೂವತ್ತು ಜನ ದಾವಣಗೆರೆಯ ನಮ್ಮ ಚರ್ಚಿನ ಅಂಗಳದಿಂದ ಹರಿಹರದ ಕಡೆ ಹೆಜ್ಜೆ ಹಾಕಿದೆವು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದ ಒಂದು ಶನಿವಾರ. ಹಳೇ ಪಿ.ಬಿ. ರಸ್ತೆ ಹಿಡಿದರೆ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್. ನಾವು ಊಟಕ್ಕೆ ಗುತ್ತೂರಿನ ಕಡೆ ಬಳಸಿ ಹೋಗಬೇಕಾಗಿದ್ದರಿಂದ ಇನ್ನೆರಡು ಮೂರು ಹೆಚ್ಚು. ಬಸ್ಸಿನಲ್ಲಿ ಅರ್ಧ ಗಂಟೆ, ರೈಲಿನಲ್ಲಿ ಕಾಲು ಗಂಟೆಯ ದಾರಿಗೆ ಇಡೀ ದಿನ ನಡೆಯುವುದೇಕೆ ಎಂದು ನನ್ನ ನಾದಿನಿ ನಡಿಗೆ ಬಂದಾಗಲೆಲ್ಲ ಕೇಳುತ್ತಾಳೆ. ನಡೆದು ನೋಡು, ಗೊತ್ತಾಗುತ್ತದೆ ಎಂದು ನಾನೂ ಪ್ರತಿ ಸಲ ಹೇಳುತ್ತೇನೆ.

ಈ ಸಲ ಮುಂದಾಳು ನಾನೇ. ಮೊದಲು ಈ ನಡಿಗೆಯನ್ನು ನಡೆಸುತ್ತಿದ್ದವರು ನಮ್ಮ ಯಜಮಾನರು. ಎಲ್ಲಿ ನೀರು, ಎಲ್ಲಿ ನೆರಳು, ಯಾರಿಗೆ ಮಂಡಿನೋವು ಎಂಬುದನ್ನೆಲ್ಲ ಒಂದು ನೀಲಿ ನೋಟ್‌ಬುಕ್ಕಿನಲ್ಲಿ ತಿಂಗಳು ಮೊದಲೇ ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಎರಡು ವರ್ಷ ನಡಿಗೆಯೂ ನಿಂತಿತು, ನಾನೂ ನಿಂತೆ. ಪಿ.ಜೆ. ಬಡಾವಣೆಯ ಒಂದು ದವಾಖಾನೆಯಲ್ಲಿ ರೋಗಿಗಳ ಹೆಸರು ಬರೆದು ಚೀಟಿ ಕೊಡುವುದು ನನ್ನ ಕೆಲಸ. ಅಲ್ಲಿಂದ ನಿಜಲಿಂಗಪ್ಪ ಬಡಾವಣೆಯ ಮನೆಗೆ ಬಂದು, ಇದ್ದದ್ದನ್ನು ತಿಂದು ಮಲಗುತ್ತಿದ್ದೆ. ಮುಂದೇನು ಎಂದು ಯಾರಾದರೂ ಕೇಳಿದರೆ, ದೇವರು ನಡೆಸುತ್ತಾನೆ ಎನ್ನುತ್ತಿದ್ದೆ. ಕೇಳಿದವರು ನನ್ನ ಭಕ್ತಿಯನ್ನು ಮೆಚ್ಚಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ನಾಳೆ ಎಂಬುದರ ಮೇಲೆ ನನಗೆ ಮನಸ್ಸೇ ಇರಲಿಲ್ಲ.

ನಮ್ಮ ಫಾದರ್ ಮಾತ್ರ ಮೆಚ್ಚಲಿಲ್ಲ. “ದೇವರು ನಡೆಸ್ತಾನೆ, ಸರಿ. ಆದರೆ ಯೇಸುಸ್ವಾಮಿ ಐದು ಸಾವಿರ ಜನಕ್ಕೆ ರೊಟ್ಟಿ ಹಂಚೋ ಮೊದ್ಲು ಅವರನ್ನ ಐವತ್ತೈವತ್ತು ಜನದ ಗುಂಪು ಮಾಡಿ ಕೂರಿಸಿದ್ರು. ಉಳಿದದ್ದನ್ನ ಹನ್ನೆರಡು ಬುಟ್ಟಿಗೆ ತುಂಬಿಸಿದ್ರು. ಕೊನೇ ಊಟಕ್ಕೆ ಇಬ್ಬರನ್ನ ಮುಂದೆ ಕಳಿಸಿ ಮಹಡಿ ಕೋಣೆ ಸಿದ್ಧ ಮಾಡಿಸಿದ್ರು. ತಾನು ಬಂದದ್ದು ಯಾತಕ್ಕೆ ಅಂತ ಗೊತ್ತಿದ್ದವರಿಗೆ ನಾಳೆ ಏನು ಮಾಡಬೇಕು ಅಂತಾನೂ ಗೊತ್ತಿರತ್ತೆ, ಫಿಲೋಮಿನಮ್ಮ. ಈ ವರ್ಷದ ನಡಿಗೆ ನೀವೇ ಮಾಡಿಸ್ರಿ,” ಎಂದರು.

ಒಪ್ಪಿಕೊಂಡ ಮೇಲೆ ನನಗೆ ಹುರುಪು ಬಂದುಬಿಟ್ಟಿತು. ಮೆಸ್ಸೀಯನಾದ ಯೇಸುಸ್ವಾಮಿಯನ್ನು ಅನುಸರಿಸುವುದಾದರೆ ಅರ್ಧಂಬರ್ಧ ಯಾಕೆ ಎಂದು ಎಲ್ಲವನ್ನೂ ಅವರು ಮಾಡಿದ ಹಾಗೇ ಮಾಡಲು ಹೊರಟೆ. ಹತ್ತತ್ತು ಜನರ ಮೂರು ಗುಂಪು ಮಾಡಿದೆ. ಅಕ್ಕಿ, ಬೇಳೆ, ತರಕಾರಿ ಹೊತ್ತು ಮೊದಲ ಬಸ್ಸಿಗೆ ಗುತ್ತೂರಿಗೆ ಹೋಗಲು ರಾಯಪ್ಪ, ಇನ್ನಾಸಪ್ಪ ಎಂಬ ಇಬ್ಬರು ಹಿರಿಯರನ್ನು ಗೊತ್ತು ಮಾಡಿದೆ. ಅಡಿಗೆ ಆಗಬೇಕಾದದ್ದು ಗುತ್ತೂರಿನ ಚೌರಪ್ಪನ ಮನೆಯಲ್ಲಿ. ಆತ ಅಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ, ನಮ್ಮ ಯಜಮಾನರ ಸ್ನೇಹಿತ; ಹಿರಿಯರಿಬ್ಬರೂ ಅವನನ್ನು ಕಂಡವರಲ್ಲ. ಅವನ ಮನೆಯಿರುವ ಹೊಸ ಸೈಟುಗಳಿಗೆ ನಂಬರೂ ಇಲ್ಲ, ಬೋರ್ಡೂ ಇಲ್ಲ. ಯೇಸುಸ್ವಾಮಿ ತಮ್ಮ ಇಬ್ಬರು ಶಿಷ್ಯರಿಗೆ ಹೇಳಿದ ಗುರುತು ನನಗೆ ನೆನಪಾಯಿತು: ಊರೊಳಗೆ ನೀರಿನ ಕೊಡ ಹೊತ್ತ ಒಬ್ಬ ಗಂಡಸು ಸಿಗುತ್ತಾನೆ, ಅವನ ಹಿಂದೆ ಹೋಗಿ. ಚೌರಪ್ಪನಿಗೆ ಫೋನ್ ಮಾಡಿ, “ಎಂಟೂವರೆಗೆ ನೀರಿನ ಕ್ಯಾನ್ ಹೊತ್ಕೊಂಡು ಬಸ್‌ಸ್ಟಾಪಿನಾಗ ನಿಂತ್ಕ,” ಎಂದೆ. ಇಬ್ಬರು ಹಿರಿಯರಿಗೆ, “ಕ್ಯಾನ್ ಹೊತ್ತವನು ಕಂಡ್ರೆ ಏನೂ ಕೇಳಬ್ಯಾಡ್ರಿ, ಸುಮ್ನೆ ಹಿಂದೆ ಹೋಗ್ರಿ,” ಎಂದೆ. ಇದು ಸಾಲದೆಂಬಂತೆ, ತಪಸ್ಸು ಕಾಲ ಎಂದು ಎಲ್ಲರ ಮೊಬೈಲನ್ನೂ ಆಫ್ ಮಾಡಿಸಿ ಚರ್ಚಿನ ಬೀರುವಿನಲ್ಲಿ ಇಡಿಸಿದೆ. ತುರ್ತಿಗೆಂದು ನನ್ನದೊಂದೇ ಉಳಿಯಿತು. ಹಿಂದಿನ ಸಂಜೆ ನನ್ನ ಜಾಣತನಕ್ಕೆ ನಾನೇ ಬೆರಗಾಗಿ ಮಲಗಿದ್ದೆ.

ಊರು ದಾಟುವಷ್ಟರಲ್ಲಿ ಬೆಳಕಾಯಿತು. ಜಪಸರ ಹಿಡಿದು ಪ್ರಾರ್ಥನೆ ಹೇಳುತ್ತ, ಲಾರಿ ಬಂದಾಗ ಮಣ್ಣಿನ ಅಂಚಿಗೆ ಇಳಿಯುತ್ತ ನಡೆದೆವು. ದೊಡ್ಡಬಾತಿಯಲ್ಲಿ ಎಂಟು ಗಂಟೆಗೆ ತಳ್ಳುಗಾಡಿಯ ಇಡ್ಲಿ, ಪುದೀನ ಚಟ್ನಿ. ನಮ್ಮ ಗುಂಪಿನಲ್ಲಿ ಆರೋಗ್ಯಮ್ಮ ಎಂಬ ಅರವತ್ತಾರರ ಹಿರಿಯರಿದ್ದರು, ನಾವೆಲ್ಲ ಅವರನ್ನು ಅತ್ತೆ ಎನ್ನುತ್ತೇವೆ. ಹೆಸರು ಆರೋಗ್ಯಮ್ಮ, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ನಮ್ಮ ದವಾಖಾನೆಯ ಡಾಕ್ಟರು, ಎರಡು ತಾಸಿಗೊಮ್ಮೆ ಏನಾದರೂ ತಿಂದು, ಮಧ್ಯಾಹ್ನ ಒಂದು ಗಂಟೆಯೊಳಗೆ ಊಟ ಮಾಡುವುದಾದರೆ ನಡೆಯಬಹುದು ಎಂದಿದ್ದರು. “ಒಂದು ಗಂಟೆ ಅಂದ್ರೆ ಒಂದೇ ಗಂಟೆ, ಅಕ್ಕಾ. ನಿಮ್ಮನ್ನ ನಂಬಿ ಕಳಿಸ್ತಿದೀನಿ,” ಎಂದು ಅವರ ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಅತ್ತೆ ಎರಡು ಇಡ್ಲಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದಾಗ ನಾನು ತಡೆಯಲಿಲ್ಲ.

ಹತ್ತು ಗಂಟೆಗೆ ಬಿಸಿಲು ತಲೆಗೆ ಏರಿತು. ಕಾಲುವೆ ನೀರಿನ ಗದ್ದೆಗಳು ಹಸಿರಾಗಿದ್ದವು, ರಸ್ತೆ ಮಾತ್ರ ಹೆಂಚಾಗಿತ್ತು. ಹತ್ತೂವರೆಗೆ ನನ್ನ ಫೋನ್ ಬಡಿದುಕೊಂಡಿತು.

“ಅಕ್ಕಾ, ನಿಮ್ಮವರು ಬರ್ಲೇ ಇಲ್ಲ,” ಎಂದ ಚೌರಪ್ಪ.

“ಹೆಂಗೆ ಬರ್ಲಿಲ್ಲ? ಮೊದಲ ಬಸ್ಸಿಗೆ ಹೋದ್ರಲ್ಲೋ!”

“ಎಂಟರಿಂದ ಕ್ಯಾನ್ ಹೊತ್ಕೊಂಡು ನಿಂತೀನಿ. ಭುಜ ಬಿದ್ದು ಹೋಗೈತೆ. ನಡುವೆ ಒಂದೈದು ನಿಮಿಷ ಚಾ ಕುಡಿಯಾಕೆ ಕೆಳಗಿಟ್ಟಿದ್ದೆ, ಅಷ್ಟೇ.”

ಆ ಐದು ನಿಮಿಷದಲ್ಲೇ ಬಸ್ಸು ಬಂದು ಹೋಗಿತ್ತು. ಅಕ್ಕಿ ಬೇಳೆ ಅವರಿಬ್ಬರ ಹೆಗಲ ಮೇಲೆ, ಅವರಿಬ್ಬರ ಮೊಬೈಲು ಚರ್ಚಿನ ಬೀರುವಿನೊಳಗೆ. “ಮನ್ಯಾಗ ನಾಕು ಜನಕ್ಕಾಗೋ ಅಕ್ಕಿ ಐತೆ, ಅಕ್ಕಾ,” ಎಂದ ಚೌರಪ್ಪ ತಗ್ಗಿದ ದನಿಯಲ್ಲಿ. ಅವನದೇನೂ ತಪ್ಪಿರಲಿಲ್ಲ.

ಯಾರಿಗೂ ಹೇಳದೆ ನಡೆದೆ. ಮುಂದಾಳಿನ ಮುಖ ನೋಡಿ ಜನ ನಡೆಯುತ್ತಾರೆ ಎಂದು ಯಜಮಾನರು ಹೇಳುತ್ತಿದ್ದ ನೆನಪು. ಒಳಗೊಳಗೇ ಅವರ ಮೇಲೆ ಸಿಟ್ಟು ಬಂತು. ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟ ಮನುಷ್ಯ, ತಾನಿಲ್ಲದಿದ್ದರೆ ಏನು ಮಾಡಬೇಕೆಂದು ಒಂದು ಸಾಲು ಬರೆದಿಡಬಾರದಿತ್ತೇ? ಹನ್ನೊಂದೂವರೆಗೆ ಆರೋಗ್ಯಮ್ಮತ್ತೆಗೆ ನನ್ನ ಚೀಲದ ಕೊನೆಯ ಬಾಳೆಹಣ್ಣು ಕೊಟ್ಟೆ. ಅರ್ಧ ತಿಂದು, ಉಳಿದರ್ಧವನ್ನು ಯಾರೋ ಸುಸ್ತಾದವರಿಗೆ ಕೊಟ್ಟುಬಿಟ್ಟರು.

ಹನ್ನೆರಡೂಕಾಲಿಗೆ ಗುತ್ತೂರು ಮುಟ್ಟಿದೆವು. ಚೌರಪ್ಪ ಬಸ್‌ಸ್ಟಾಪಿನಲ್ಲಿ ಕ್ಯಾನಿನ ಮೇಲೇ ಕುಳಿತಿದ್ದ. ಅವನ ಹಿಂದೆ ಕಂಡದ್ದನ್ನು ನೋಡಿ ನಾನು ತಲೆ ಚಚ್ಚಿಕೊಂಡೆ. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರು ಕೊಡುವ ಶುದ್ಧ ನೀರಿನ ಘಟಕ ಇರುವುದು ಬಸ್‌ಸ್ಟಾಪಿನ ಪಕ್ಕದಲ್ಲೇ. ಒಬ್ಬ ಹೆಗಲ ಮೇಲೆ, ಒಬ್ಬ ಸೈಕಲ್ಲಿನ ಮೇಲೆ, ಇನ್ನೊಬ್ಬ ಬೈಕಿನ ಮುಂದೆ ಕಾಲಿನ ನಡುವೆ ಇಟ್ಟುಕೊಂಡು, ಗಂಡಸರೆಲ್ಲ ಕ್ಯಾನ್ ಹೊತ್ತೇ ತಿರುಗುತ್ತಿದ್ದರು. ಯೇಸುಸ್ವಾಮಿಯ ಕಾಲದಲ್ಲಿ ನೀರು ಹೊರುತ್ತಿದ್ದವರು ಹೆಂಗಸರು, ಗಂಡಸು ಕೊಡ ಹೊತ್ತರೆ ಸಾವಿರ ಜನರಲ್ಲಿ ಎದ್ದು ಕಾಣುತ್ತಿದ್ದ. ಯೇಸುಸ್ವಾಮಿಗೆ ಅವರ ಊರು ಗೊತ್ತಿತ್ತು. ನನಗೆ ನನ್ನ ಪಕ್ಕದೂರೇ ಗೊತ್ತಿರಲಿಲ್ಲ.

ಎದುರಿನ ಗೂಡಂಗಡಿಯ ಹೆಂಗಸನ್ನು ಕೇಳಿದೆ. “ಬೆಳಿಗ್ಗೆ ಕ್ಯಾನ್ ಹೊತ್ತವರ ಹಿಂದೆ ಇಬ್ಬರು ಹಿರೇರು ಚೀಲ ಹೊತ್ಕೊಂಡು ಹೋದದ್ದು ನೋಡಿದ್ರೇನ್ರಿ?”

ಆಕೆ ನಗಲು ಶುರು ಮಾಡಿದವಳು ಸೆರಗು ಬಾಯಿಗಿಟ್ಟುಕೊಂಡಳು. “ನೋಡ್ದೆ ಏನ್ರಿ! ಮಲ್ಲೇಶಣ್ಣ ಬಿರಬಿರ ನಡೆದ್ರೆ ಅವರೂ ಬಿರಬಿರ. ಅವನು ನಿಂತ್ರೆ ಅವರೂ ನಿಂತ್ರು. ಪಾಪ, ಅವನು ಹೆದರಿ ಮನಿಗೆ ಓಡಿದ. ಹಿಂದೇನೇ ಇವರೂ ಒಳಗೋದ್ರು. ಅದೇ ನೋಡ್ರಿ, ಹಸಿರು ಗೇಟಿನ ಮನಿ.”

ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಹೆಸರು ಕೂಗಿದರು. ಆರೋಗ್ಯಮ್ಮತ್ತೆ ಬಸ್‌ಸ್ಟಾಪಿನ ಕಟ್ಟೆಗೆ ಒರಗಿದ್ದರು. ಹಣೆಯಲ್ಲಿ ತಣ್ಣನೆಯ ಬೆವರು, ಕೈ ನಡುಗುತ್ತಿತ್ತು. ರಕ್ತದಲ್ಲಿ ಸಕ್ಕರೆ ಇಳಿದುಬಿಟ್ಟಿತ್ತು. ಗೂಡಂಗಡಿಯವಳು ಓಡಿಬಂದು ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿದಳು. ಚೌರಪ್ಪನೂ ನಾನೂ ಅತ್ತೆಯ ಎರಡೂ ತೋಳು ಹಿಡಿದು ಹಸಿರು ಗೇಟಿನ ಕಡೆ ನಡೆಸಿದೆವು. ಉಳಿದವರು ಏನೂ ತಿಳಿಯದೆ ಹಿಂದೆ ಬಂದರು. ಅಷ್ಟು ಚಿಕ್ಕ ದಾರಿಯಲ್ಲಿ ನಾನು ಮಾಡಿದಷ್ಟು ಪ್ರಾರ್ಥನೆ ಬೆಳಗಿನಿಂದ ಜಪಸರದಲ್ಲೂ ಮಾಡಿರಲಿಲ್ಲ.

ಗೇಟಿನ ಬಳಿಯೇ ಬೇಯುವ ಅನ್ನದ ವಾಸನೆ ಬಂತು.

ಕಟ್ಟೆಯ ಮೇಲೆ ರಾಯಪ್ಪ ಮಾವ ಬದನೆಕಾಯಿ ಹೆಚ್ಚಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಇನ್ನಾಸಪ್ಪ ಮಾವ ತೆಂಗಿನಕಾಯಿ ತುರಿಯುತ್ತಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಶಿವದಾರವಿದ್ದ ಐವತ್ತರ ಒಬ್ಬ ಗೃಹಿಣಿ ಒಳಗಿನಿಂದ ಸೌಟು ಹಿಡಿದೇ ಬಂದರು. “ಬರ್ರಿ, ಬರ್ರಿ. ಇನ್ನೂ ಯಾಕ ಬರ್ಲಿಲ್ಲ ಅಂತಿದ್ದೆ. ಕೈಕಾಲು ತೊಳ್ಕಳ್ರಿ, ಅನ್ನ ಆಗೈತೆ,” ಎಂದವರು ಅತ್ತೆಯ ಮುಖ ನೋಡಿದ್ದೇ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಅನ್ನ, ಸಾರು ಕಲಸಿ ತಂದರು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಮುಕ್ಕಾಲು. ಅತ್ತೆ ಮೊದಲ ತುತ್ತು ನುಂಗಿದರು, ಎರಡನೆಯದನ್ನೂ ನುಂಗಿದರು. ಹತ್ತು ನಿಮಿಷಕ್ಕೆ ಕೈ ನಡುಗುವುದು ನಿಂತಿತು. “ಸಾರಿಗೆ ಉಪ್ಪು ಸ್ವಲ್ಪ ಕಡಿಮಿ,” ಎಂದರು. ನನ್ನ ಎದೆಯ ಮೇಲಿಂದ ಬಂಡೆ ಸರಿದ ಹಾಗಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಜೋರಾಗಿ ಅತ್ತುಬಿಟ್ಟೆ.

ಮನೆಯಾಕೆಯ ಹೆಸರು ಗೌರಮ್ಮ, ಕ್ಯಾನ್ ಹೊತ್ತು ಓಡಿದ ಮಲ್ಲೇಶಣ್ಣ ಅವರ ಗಂಡ. “ಯಾರು ಏನು ಅಂತ ಕೇಳ್ಲಿಲ್ವೇನ್ರಿ?” ಎಂದೆ ಕಣ್ಣೊರೆಸಿಕೊಂಡು.

“ಯಾರ ಮನಿಗೆ ಬಂದೀರಿ ಅಂದ್ರೆ, ಕ್ಯಾನ್ ಹೊತ್ತವರ ಮನಿಗೆ ಅಂದ್ರು. ಇನ್ನೇನ್ ಕೇಳ್ಲಿ? ಎಷ್ಟು ಮಂದಿ ಅಂದೆ. ಮೂವತ್ತೆರಡು ಅಂದ್ರು. ಒಲೆ ಹಚ್ಚಿದೆ.” ಸೌಟಿನಿಂದ ಅಕ್ಕಿ ಚೀಲ ತೋರಿಸಿದರು. “ನಮ್ಮತ್ತಿ ಹೇಳ್ತಿದ್ರು, ಅಕ್ಕಿ ತಾನಾಗೇ ಹೊಸ್ತಿಲು ದಾಟಿ ಬಂದ್ರೆ ವಾಪಸ್ ಕಳಿಸಬಾರ್ದು, ಬೇಯಿಸಬೇಕು ಅಂತ.”

ರಾಯಪ್ಪ ಮಾವ ನನ್ನ ಕಡೆ ನೋಡಿ, “ನೀನೇ ಏನೂ ಕೇಳಬ್ಯಾಡ್ರಿ ಅಂದಿದ್ದೆಲ್ಲವ್ವಾ,” ಎಂದರು. ಅವರ ಮುಖದಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ ಸಮಾಧಾನ. ಮಲ್ಲೇಶಣ್ಣ ಮೂಲೆಯಿಂದ, “ನಾನು ಬ್ಯಾಂಕಿನವರು ಅನ್ಕೊಂಡಿದ್ದೆ,” ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಮಗನ ಮದುವೆಗೆಂದು ಕಟ್ಟಿಸಿದ ದೊಡ್ಡ ಕೋಣೆಯಲ್ಲಿ ಜಮಖಾನ ಹಾಸಿದ್ದರು. ಅದು ಮಹಡಿಯ ಮೇಲಿತ್ತು. ಆ ಒಂದನ್ನು ನಾನು ಯೋಜನೆಯಲ್ಲಿ ಸೇರಿಸಿರಲೇ ಇಲ್ಲ. ಹತ್ತತ್ತು ಜನರ ಮೂರು ಸಾಲಿನಲ್ಲಿ ಕುಳಿತೆವು. ತಪಸ್ಸು ಕಾಲವಾದ್ದರಿಂದ ನಮ್ಮದೂ ಸಸ್ಯಾಹಾರವೇ. ಅನ್ನ, ಬೇಳೆ ಸಾರು, ಬದನೆಕಾಯಿ ಪಲ್ಯದ ಜೊತೆಗೆ ಗೌರಮ್ಮನವರ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಚೌರಪ್ಪನ ಭುಜಕ್ಕೆ ಮಲ್ಲೇಶಣ್ಣ ನೋವಿನ ಎಣ್ಣೆ ತಿಕ್ಕಿದರು. ಊಟವಾದ ಮೇಲೆ ಅನ್ನ ಉಳಿಯಿತು. ಉಳಿದದ್ದನ್ನು ತುಂಬಿಕೊಳ್ಳಲು ಹನ್ನೆರಡು ಬುಟ್ಟಿಯಿರಲಿ, ಒಂದು ಡಬ್ಬಿಯನ್ನೂ ನಾನು ತಂದಿರಲಿಲ್ಲ. ಗೌರಮ್ಮನವರೇ ಮೊಸರು ಕಲಸಿ, ತಮ್ಮ ಹೆಸರು ಕೊರೆಸಿದ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ನನ್ನ ಕೈಗಿಟ್ಟರು.

ಆರೋಗ್ಯಮ್ಮತ್ತೆಯನ್ನು ಮಲ್ಲೇಶಣ್ಣ ಬೈಕಿನಲ್ಲಿ ಕೂರಿಸಿಕೊಂಡರು, ನಾವು ನಡೆದೆವು. ನಾಲ್ಕು ಗಂಟೆಗೆ ಹರಿಹರದ ಚರ್ಚಿನಲ್ಲಿ ಪೂಜೆ. ಬೇರೆ ದಾರಿಯಿಂದ ಬಂದಿದ್ದ ನಮ್ಮ ಫಾದರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕು ಸುಸ್ತಾಗಿ, “ಯೇಸುಸ್ವಾಮಿ ಮಾಡಿದ್ದನ್ನ ಮಾಡ್ರಿ ಅಂದೆ. ಅವರ ಹಂಗೆ ಸುತ್ತಮುತ್ತ ಕಣ್ಣಿಟ್ಟು ನೋಡ್ರಿ ಅಂತ ಹೇಳೋದೇ ಮರೆತೆ,” ಎಂದರು. ಪೂಜೆ ಮುಗಿದ ಮೇಲೆ ಹೊಳೆಗೆ ಇಳಿದು ಕಾಲು ಅದ್ದಿದೆ. ನೀರು ಕಡಿಮೆಯಿತ್ತು, ಕಲ್ಲುಗಳು ಇನ್ನೂ ಬೆಚ್ಚಗಿದ್ದವು. ಬೆಳಗಿನ ಭಾರವೆಲ್ಲ ಆ ನೀರಲ್ಲೇ ಇಳಿದು ಹೋಯಿತು.

ಸಂಜೆಯ ಪ್ಯಾಸೆಂಜರ್ ರೈಲಿಗೆ ತಲೆಗೆ ಹತ್ತು ರೂಪಾಯಿ. ಕಿಟಕಿಯ ಪಕ್ಕ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮೊಸರನ್ನ ಸ್ಟೇಷನ್ನಿನಲ್ಲೇ ಖಾಲಿಯಾಗಿತ್ತು. ಚೀಲದಿಂದ ಯಜಮಾನರ ನೀಲಿ ನೋಟ್‌ಬುಕ್ ತೆಗೆದೆ. ದಾರಿಗೆ ಬೇಕಾದೀತೆಂದು ತಂದಿದ್ದೆ, ಇಡೀ ದಿನ ತೆರೆದಿರಲಿಲ್ಲ. ಅವರ ಕೊನೆಯ ಸಾಲಿನ ಕೆಳಗೆ ಅರ್ಧ ಪುಟ ಖಾಲಿಯಿತ್ತು. ಅಲ್ಲಿ ಬರೆದೆ: ಮುಂದಿನ ಶನಿವಾರ, ಗುತ್ತೂರು, ಗೌರಮ್ಮನವರ ಡಬ್ಬಿ.

“ಏನೇ ಬರೀತಿದ್ದಿ?” ಎಂದರು ಎದುರಿಗೆ ಕುಳಿತಿದ್ದ ಆರೋಗ್ಯಮ್ಮತ್ತೆ.

“ಡಬ್ಬಿ ವಾಪಸ್ ಕೊಡಬೇಕಲ್ಲತ್ತೆ.”

“ಖಾಲಿ ಡಬ್ಬಿ ಕೊಡ್ತೀಯೇನು? ಮನಿತನದವರು ಹಂಗೆ ಕೊಡ್ತಾರೇನೇ?”

“ಇಲ್ಲ. ರವೆ ಉಂಡಿ ಮಾಡಬೇಕು. ಶುಕ್ರವಾರ ದವಾಖಾನಿಯಿಂದ ಬರ್ತಾ ರವೆ, ತುಪ್ಪ ತರ್ತೀನಿ.”

“ನನಗೊಂದು ಉಳಿಸು.”

“ನಿಮಗಿಲ್ಲ.”

ಅತ್ತೆ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದರು. ಹರಿಹರದ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತ ಹಿಂದೆ ಸರಿಯುತ್ತಿದ್ದವು. ನಾನು ಪೆನ್ನು ಮುಚ್ಚಲು ಹೋದವಳು ಮತ್ತೆ ತೆರೆದು, ಶುಕ್ರವಾರ ಎಂದು ಬರೆದು, ಅದರ ಮುಂದೆ ರವೆ, ತುಪ್ಪ ಎಂದು ಸೇರಿಸಿದೆ. ಎರಡು ವರ್ಷದ ಮೇಲೆ ನನಗೆ ಶುಕ್ರವಾರವೂ ಇತ್ತು, ಶನಿವಾರವೂ ಇತ್ತು.