ಬೊಟ್ಟಿಲ್ಲದ ಕೆನ್ನೆಗೆ ಕ್ಯಾಮೆರಾ ಇಲ್ಲ

ಹೊತ್ತು ಇನ್ನೂ ಹುಟ್ಟಿಲ್ಲ. ಆಂಧ್ರದ ಗಡಿಯೂರು ಪೆದ್ದಕಡುಬೂರಿನ ಹಳೆಯ ಛತ್ರದ ಮುಂದೆ ಆಟೊ ಬಂದು ನಿಲ್ಲುತ್ತದೆ. ಇಂಜಿನ್ ಆರಿಸುವಷ್ಟು ಪುರುಸೊತ್ತೂ ಅದಕ್ಕಿಲ್ಲ. ಹತ್ತಿ ಬಿಡಿಸಲು ಹೊರಟ ಹೆಂಗಸರು ನಿದ್ದೆಗಣ್ಣಿನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೆಳಗಿಳಿಸುತ್ತಾರೆ. ಬಾಗಿಲಲ್ಲಿ ನಿಂತ ಸುಭದ್ರಮ್ಮ ಕೂಸನ್ನು ಸೊಂಟಕ್ಕೆ ಏರಿಸಿಕೊಳ್ಳುವ ಮೊದಲು ಗದ್ದ ಹಿಡಿದು, ಮುಖವನ್ನು ಬಲ್ಬಿನ ಬೆಳಕಿಗೆ ತಿರುಗಿಸಿ, ಎಡಗೆನ್ನೆ ನೋಡುತ್ತಾರೆ. ಉಳಿದ ಕೆಲಸವೆಲ್ಲ ಆಮೇಲೆ.

ಕೆನ್ನೆಯ ಮೇಲೆ ಕಾಡಿಗೆಯ ಬೊಟ್ಟಿದ್ದರೆ ಆ ಕೂಸಿನ ಫೋಟೊ ಇವತ್ತು ಯಾರಾದರೂ ತೆಗೆಯಬಹುದು ಎಂದರ್ಥ. ಬೊಟ್ಟಿಲ್ಲದಿದ್ದರೆ ಇಲ್ಲ. ಬಂದವರು ಎಷ್ಟೇ ದೊಡ್ಡವರಿರಲಿ, ಕೈಯಲ್ಲಿ ಎಷ್ಟೇ ಬಿಸ್ಕೆಟ್ ಪೊಟ್ಟಣವಿರಲಿ, ಆ ಮಾತು ಬದಲಾಗುವುದಿಲ್ಲ. ಬೊಟ್ಟಿಡುವುದು ತಾಯಿ, ಅದೂ ಆ ಒಂದು ದಿನದ ಮಟ್ಟಿಗೆ. ರಾತ್ರಿ ಮುಖ ತೊಳೆದರೆ ಆ ದಿನದ ಒಪ್ಪಿಗೆಯೂ ತೊಳೆದುಹೋಯಿತು.

"ಕೂಸು ಯಾರದು? ಹಡೆದಾಕಿದು. ಆಕಿ ಹೊಲದಾಗ ಇರ್ತಾಳ, ಕೇಳಾಕ ಆಗಂಗಿಲ್ಲ. ಅದಕ್ಕ ಮುಂಜಾಲಿನೇ ಕೆನ್ನಿ ಮ್ಯಾಲ ಹೇಳಿ ಹೋಗ್ತಾಳ," ಎನ್ನುತ್ತಾ ಸುಭದ್ರಮ್ಮ ಒಂದು ಕೂಸಿನ ಮೂಗು ಒರೆಸುತ್ತಾರೆ.

ಐವತ್ತು ದಾಟಿದ ಸುಭದ್ರಮ್ಮ ಸ್ವತಃ ಹತ್ತಿ ಬಿಡಿಸಿ ಬೆನ್ನು ಸವೆಸಿಕೊಂಡವರು. ತಮ್ಮ ಮಕ್ಕಳನ್ನು ಹೊಲದ ಬದುವಿನಲ್ಲಿ, ಜಾಲಿಗಿಡಕ್ಕೆ ಕಟ್ಟಿದ ಸೀರೆ ಜೋಳಿಗೆಯಲ್ಲಿ ಮಲಗಿಸಿ ಸಾಲು ಹಿಡಿದವರು. ಹಾಗಾಗಿ ಕೆಲವು ವರ್ಷಗಳ ಹಿಂದೆ ದೂರದ ನಗರದ ಟ್ರಸ್ಟೊಂದು ಛತ್ರದಲ್ಲಿ ಕೂಲಿಯವರ ಮಕ್ಕಳಿಗಾಗಿ ಬಾಲವಾಡಿ ತೆರೆದು, ಆಯಾ ಆಗಿ ಬರುತ್ತೀರಾ ಎಂದು ಕೇಳಿದಾಗ ಅವರು ಎರಡು ಸಲ ಯೋಚಿಸಲಿಲ್ಲ. ಇಪ್ಪತ್ತರ ಆಚೀಚೆ ಮಕ್ಕಳು. ತೊಳೆಯುವುದು, ಉಣ್ಣಿಸುವುದು, ತಟ್ಟಿ ಮಲಗಿಸುವುದು, ಜಗಳ ಬಿಡಿಸುವುದು, ಸಂಜೆ ಆಟೊ ಬರುವವರೆಗೆ ಕಾಯುವುದು. ಊರೆಲ್ಲ ಅವರನ್ನು ಈಗ ಆಯಮ್ಮ ಎಂದೇ ಕರೆಯುತ್ತದೆ.

ಟ್ರಸ್ಟಿನ ಬಗ್ಗೆ ಇಲ್ಲದ್ದನ್ನು ಹೇಳಬಾರದು. ಅಕ್ಕಿ ಕೊಟ್ಟಿತು, ಬೇಳೆ ಕೊಟ್ಟಿತು, ಚಾಪೆ, ಫ್ಯಾನು, ಮಗುವಿಗೊಂದರಂತೆ ದಿನಾ ಮೊಟ್ಟೆ ಕೊಟ್ಟಿತು. ಅದರ ಮ್ಯಾನೇಜರ್ ಶ್ರೀನು ಪ್ರತಿ ಶನಿವಾರ ಆದೋನಿಯಿಂದ ಬೈಕಿನಲ್ಲಿ ಬಂದು ಮಕ್ಕಳ ಫೋಟೊ ತೆಗೆದುಕೊಂಡು ಹೋಗುತ್ತಿದ್ದ. ದಾನ ಕೊಟ್ಟವರಿಗೆ ತೋರಿಸಬೇಕಲ್ಲ. ಆದರೆ ದಾನಿಗಳ ಕಣ್ಣಿಗೆ ಉಂಡ ಮಗುವಿಗಿಂತ ಹಸಿದ ಮಗುವೇ ಹೆಚ್ಚು ಹಿಡಿಸುತ್ತದೆ ಎಂಬ ಸತ್ಯ ಶ್ರೀನುವಿಗೆ ಬೇಗ ಗೊತ್ತಾಯಿತು, ಸುಭದ್ರಮ್ಮನಿಗೆ ತಡವಾಗಿ ಗೊತ್ತಾಯಿತು.

ಒಂದು ಶನಿವಾರ ಅನ್ನ ಬಡಿಸುವ ಮೊದಲೇ ಶ್ರೀನು ಖಾಲಿ ತಟ್ಟೆಗಳ ಫೋಟೊ ತೆಗೆಯಲು ನಿಂತ. ಮಕ್ಕಳು ಕಾದವು. ಶಿವಲಕ್ಷ್ಮಿ ಎಂಬ ಕೂಲಿ ಹೆಣ್ಣುಮಗಳ ಕೂಸು ಹರಿತಾಗೆ ಆಗ ಮೂರು ವರ್ಷ. ಸಾರಿನ ವಾಸನೆ ಮೂಗಿಗೆ ಬಡಿಯುತ್ತಿದೆ, ತಟ್ಟೆ ಮಾತ್ರ ಖಾಲಿ. ಆಗಷ್ಟೇ ತೊಳೆಸಿಕೊಂಡು ಬಂದು ಬರಿಮೈಯಲ್ಲಿದ್ದ ಅದು ತಟ್ಟೆ ಬಡಿದು ಜೋರಾಗಿ ಅತ್ತಿತು. ಶ್ರೀನು ಆ ಅಳುವನ್ನೇ ತೆಗೆದ. ಅದಾದ ಮೇಲೆ ಕೂಸು ಎರಡು ಸಲ ಹಾಕಿಸಿಕೊಂಡು ಉಂಡು, ಸುಭದ್ರಮ್ಮನ ತೊಡೆಯ ಮೇಲೆ ನಿದ್ದೆಹೋಯಿತು. ಆ ಊಟದ, ಆ ನಿದ್ದೆಯ ಫೋಟೊ ಮಾತ್ರ ಯಾರಿಗೂ ಬೇಕಾಗಲಿಲ್ಲ.

ಕೆಲವು ತಿಂಗಳ ಮೇಲೆ ಹತ್ತಿ ಹೊಲದಲ್ಲಿ, ಊಟದ ಹೊತ್ತಿಗೆ, ಜೊತೆಯವಳೊಬ್ಬಳು ತನ್ನ ಫೋನು ಶಿವಲಕ್ಷ್ಮಿಯ ಮುಂದೆ ಹಿಡಿದಳು. ಬಳ್ಳಾರಿಯ ಸಂಬಂಧಿಕರ ವಾಟ್ಸಾಪಿನಿಂದ ಬಂದದ್ದು. ಹರಿತಾ ಬರಿಮೈಯಲ್ಲಿ ಅಳುತ್ತಿದ್ದಾಳೆ, ಮುಂದೆ ಖಾಲಿ ತಟ್ಟೆ. ಕೆಳಗೆ ತೆಲುಗಿನಲ್ಲಿ, ತಾಯಿಯಿಲ್ಲದ ಈ ಹಸಿದ ಕಂದನಿಗೆ ನೆರವಾಗಿ ಎಂದು ಬರೆದಿತ್ತು. ಶಿವಲಕ್ಷ್ಮಿ ಸಾಲು ಬಿಟ್ಟು ಎದ್ದು, ಊರಿನತನಕ ಬಿಸಿಲಲ್ಲಿ ನಡೆದುಬಂದು, ಛತ್ರದ ಬಾಗಿಲಲ್ಲಿ ನಿಂತಳು. ಕೈಯಲ್ಲಿ ಇನ್ನೂ ಹತ್ತಿ ಇತ್ತು.

"ಆಯಮ್ಮ, ನಾ ಬದುಕಿದ್ದೀನಲ್ಲ. ನನ್ನ ಕೂಸಿಗೆ ತಾಯಿಲ್ಲ ಅಂತ ಬರದವ್ರು ಯಾರು?"

ಆ ಪ್ರಶ್ನೆಯನ್ನು ಸುಭದ್ರಮ್ಮ ಶನಿವಾರ ಶ್ರೀನುವಿನ ಮುಂದಿಟ್ಟರು. ಅವನು ತೆಲುಗಿನಲ್ಲಿ, "ಫೋಟೋನೇ ಕದಮ್ಮಾ," ಎಂದ. ಬರೀ ಫೋಟೊ ತಾನೆ, ಅದಕ್ಕೇಕೆ ಇಷ್ಟು ಗಲಾಟೆ ಎಂಬ ಧಾಟಿ. ಒಮ್ಮೆ ಹೊರಗೆ ಹೋದದ್ದನ್ನು ವಾಪಸು ತರಲಾಗುವುದಿಲ್ಲ, ಆ ಫೋಟೊದಿಂದಲೇ ಹೆಚ್ಚು ದಾನ ಬಂದಿದೆ, ಮೊಟ್ಟೆ ಬರುತ್ತಿರುವುದೂ ಅದರಿಂದಲೇ ಎಂದು ವಿವರಿಸಿದ. ಮುಂದಿನ ವಾರ ಇಂಗ್ಲಿಷಿನ ಒಪ್ಪಿಗೆ ಕಾಗದ ತಂದು, ತಾಯಂದಿರೆಲ್ಲ ಹೆಬ್ಬೆಟ್ಟು ಒತ್ತಿದರೆ ಮುಗಿಯಿತು ಎಂದ. ಸುಭದ್ರಮ್ಮ ಕಾಗದ ಮಡಚಿ ಅವನ ಕೈಗೇ ಕೊಟ್ಟರು.

"ವರ್ಷಕ್ಕೊಮ್ಮಿ ಹೆಬ್ಬೆಟ್ಟು ಒತ್ತಿಸಿಕೊಂಡು ದಿನಾ ತೆಗಿತೀಯೇನಪ್ಪ? ಜ್ವರ ಬಂದ ದಿನಾನೂ? ಚಡ್ಡಿ ಇಲ್ದ ದಿನಾನೂ?"

ಕಾಡಿಗೆಯ ಉಪಾಯ ಹೊಳೆದದ್ದು ಆಮೇಲೆ. ಹೊಸದೇನಲ್ಲ. ಕೂಸನ್ನು ನಾಲ್ಕು ಜನರ ಮುಂದೆ ಕರೆದೊಯ್ಯುವಾಗ ಕೆಟ್ಟ ಕಣ್ಣು ತಾಗದಿರಲೆಂದು ಕೆನ್ನೆಗೆ ದೃಷ್ಟಿಬೊಟ್ಟು ಇಡುವುದು ಈ ಕಡೆಯ ಪ್ರತಿ ತಾಯಿಗೂ ರೂಢಿ. ಸುಭದ್ರಮ್ಮನ ಲೆಕ್ಕದಲ್ಲಿ ಫೋನು ಅಂದರೆ ಊರಿಗೂರೇ ಒಟ್ಟಿಗೆ ದಿಟ್ಟಿಸಿ ನೋಡಿದಂತೆ. ನಿನ್ನ ಕೂಸನ್ನು ಊರೆಲ್ಲ ನೋಡಬಹುದು ಅನ್ನಿಸಿದ ದಿನ ಬೊಟ್ಟಿಡು, ಬೇಡ ಅನ್ನಿಸಿದ ದಿನ ಬಿಡು ಎಂದು ತಾಯಂದಿರಿಗೆ ಹೇಳಿದರು. ಓದು ಬಾರದವರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಶ್ರೀನು ಮೊದಲು ನಕ್ಕ, ಆಮೇಲೆ ಒಪ್ಪಿದ. ಶನಿವಾರ ಬೊಟ್ಟಿದ್ದ ಮಕ್ಕಳನ್ನಷ್ಟೇ ಸಾಲಿಗೆ ನಿಲ್ಲಿಸತೊಡಗಿದ. ಹರಿತಾಳ ಕೆನ್ನೆ ಮಾತ್ರ ಪ್ರತಿ ವಾರವೂ ಖಾಲಿ.

ಕಳೆದ ಸುಗ್ಗಿಯಲ್ಲಿ ದಾನಿಗಳು ಖುದ್ದಾಗಿ ಬರುತ್ತಾರೆಂದು ಸುದ್ದಿ ಬಂತು. ಮಕ್ಕಳ ಚಿತ್ರವನ್ನು ನಗರದಲ್ಲಿ ದೊಡ್ಡ ಹಲಗೆಗೆ ಹಾಕುತ್ತಾರೆಂದೂ ಯಾರೋ ಹೇಳಿದರು. ಆ ಬೆಳಿಗ್ಗೆ ಆಟೊದಿಂದ ಇಳಿದ ಮಕ್ಕಳಲ್ಲಿ ಬೊಟ್ಟಿದ್ದವು ಬೆರಳೆಣಿಕೆಯಷ್ಟು. ಸುಭದ್ರಮ್ಮ ಹಿತ್ತಿಲಲ್ಲಿ ಸಾರು ಇಳಿಸಿ ಒಳಗೆ ಬಂದು ನೋಡುತ್ತಾರೆ, ಎಲ್ಲ ಕೆನ್ನೆಗಳ ಮೇಲೂ ಬೊಟ್ಟು! ಹರಿತಾಳ ಕೆನ್ನೆಯ ಮೇಲೂ. ಶ್ರೀನುವಿನ ತೋರುಬೆರಳು ಕಪ್ಪಾಗಿತ್ತು. ಮಕ್ಕಳ ಕಣ್ಣಿಗೆಂದು ಕಿಟಕಿಯಲ್ಲಿ ಇಟ್ಟಿದ್ದ ಕಾಡಿಗೆ ಡಬ್ಬಿಯ ಮುಚ್ಚಳ ತೆರೆದಿತ್ತು. ದಾನಿಗಳು ಬಾಗಿಲಲ್ಲೇ ಇದ್ದರು, ಅವರ ಕ್ಯಾಮೆರಾದವನು ಆಗಲೇ ಮೊಣಕಾಲೂರಿದ್ದ.

ಸುಭದ್ರಮ್ಮ ಕೂಗಾಡಲಿಲ್ಲ. ಸೆರಗಿನ ತುದಿಯನ್ನು ನೀರಿನ ಕೊಡದಲ್ಲಿ ಅದ್ದಿ, ಹರಿತಾಳಿಂದ ಶುರುಮಾಡಿ, ಒಂದೊಂದೇ ಕೆನ್ನೆ ಒರೆಸುತ್ತಾ ಬಂದರು. ತಾಯಿ ಇಟ್ಟ ಬೊಟ್ಟು ಯಾವುದು, ಶ್ರೀನು ಇಟ್ಟದ್ದು ಯಾವುದು ಎಂದು ಬೇರೆ ಮಾಡಲು ಹೋಗಲಿಲ್ಲ, ಎಲ್ಲವನ್ನೂ ಒರೆಸಿದರು. ಬಿಳಿ ಸೆರಗು ಮಸಿಯಾಯಿತು. ಶ್ರೀನು ಅಮ್ಮಾ ಅಮ್ಮಾ ಎನ್ನುತ್ತಾ ಹಿಂದೆ ಹಿಂದೆಯೇ ಬಂದ. ಕೊನೆಯ ಕೂಸಿನ ಮುಖ ಒರೆಸಿದ ಮೇಲೆ ಅವರು ಕ್ಯಾಮೆರಾಕ್ಕೂ ಮಕ್ಕಳಿಗೂ ನಡುವೆ ನಿಂತು ದಾನಿಗಳಿಗೆ ಕೈಮುಗಿದರು.

"ಊಟ ಮಾಡಿ ಹೋಗ್ರಿ, ಬಿಸಿ ಐತಿ. ಫೋಟೊ ಮಾತ್ರ ಇಲ್ರಿ. ಇವು ದಿಕ್ಕಿಲ್ಲದ ಕೂಸಲ್ಲ, ಇವರವ್ವಂದಿರು ಹೊಲದಾಗ ಅದಾರ."

ದಾನಿಗಳು ಊಟ ಮಾಡಲಿಲ್ಲ. ನಾಳೆಯಿಂದ ಬರಬೇಡ ಎಂದು ಶ್ರೀನು ಅಂದೇ ಸಂಜೆ ಹೇಳಿ, ಬೀಗದ ಕೈ ಕೇಳಿದ. ಛತ್ರ ಊರಿನದು, ಕೈ ನಿನಗ್ಯಾಕೆ ಕೊಡಲಿ ಎಂದು ಸುಭದ್ರಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮರುದಿನ ನಸುಕಿನಲ್ಲಿ ಎಂದಿನಂತೆ ಬಾಗಿಲು ತೆಗೆದು ನಿಂತರು. ಆಟೊ ಬಂತು. ಟ್ರಸ್ಟು ಕೈಬಿಟ್ಟ ಸುದ್ದಿ ರಾತ್ರಿಯೇ ಮನೆಮನೆ ಮುಟ್ಟಿತ್ತು. ಮಕ್ಕಳ ಜೊತೆ ಈ ಸಲ ಒಂದೊಂದು ಗಂಟೂ ಇಳಿಯಿತು. ಒಬ್ಬಳದು ಅಕ್ಕಿ, ಒಬ್ಬಳದು ಜೋಳದ ಹಿಟ್ಟು, ಇನ್ನೊಬ್ಬಳದು ಬೇಳೆ. ಅಂದಿನಿಂದ ಬಾಲವಾಡಿ ನಡೆಯುತ್ತಿರುವುದು ಆ ಗಂಟುಗಳಿಂದಲೇ. ಸುಭದ್ರಮ್ಮನಿಗೆ ಸಂಬಳ ಅಂತ ಇಲ್ಲ, ತಾಯಂದಿರು ಕೈಲಾದದ್ದು ಕೊಡುತ್ತಾರೆ.

ಇದರಿಂದ ಎಲ್ಲರೂ ಖುಷಿಯಾಗಿದ್ದಾರೆಂದರೆ ಸುಳ್ಳಾಗುತ್ತದೆ. ಮೊಮ್ಮಗನನ್ನು ಬಿಡಲು ಬರುವ ವೆಂಕಮ್ಮ ಮುಖದ ಮೇಲೆಯೇ ಹೇಳುತ್ತಾಳೆ: ಫೋಟೊ ತೆಗೆದರೆ ಕೂಸಿನ ಮೈಯೇನು ಸವೆಯುತ್ತಿತ್ತೇ, ಮೊಟ್ಟೆ ಹೋಯಿತಲ್ಲ. ಸುಭದ್ರಮ್ಮ ಅದನ್ನು ತಳ್ಳಿಹಾಕುವುದಿಲ್ಲ. ಮೊಟ್ಟೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವರಿಗೂ ದಿನಾ ಅನ್ನಿಸುತ್ತದೆ. ಈಚೆಗೆ ಶ್ರೀನು ಮತ್ತೆ ಬಂದು, ಹಳೆಯದನ್ನು ಮರೆತು ಶುರುಮಾಡೋಣ ಎಂದಿದ್ದಾನೆ. ಹರಿತಾಳ ಚಿತ್ರವನ್ನು ಟ್ರಸ್ಟು ತನ್ನ ಪುಟದಿಂದ ತೆಗೆದಿದೆಯಂತೆ. ಆದರೆ ಅದು ಈಗ ಯಾರ್‍ಯಾರದೋ ಫೋನಿನಲ್ಲಿ, ಯಾವ್ಯಾವುದೋ ಊರಿನ ಹೆಸರು ಹೊತ್ತು ತಿರುಗುತ್ತಿದೆ. ಎಲ್ಲ ಕಡೆಯೂ ಅವಳಿಗೆ ತಾಯಿಯಿಲ್ಲ.

"ತಾಯಿ ಅದಾಳ, ನಾವ ಸುಳ್ಳು ಬರದಿದ್ವಿ ಅಂತ ಅದ ಜಾಗದಾಗ ಬರೀಲಿ. ಆಮ್ಯಾಲ ಮೊಟ್ಟಿ ತರಲಿ, ನಾನ ಕುದಿಸ್ತೀನಿ," ಎನ್ನುವುದು ಸುಭದ್ರಮ್ಮ ಅವನಿಗೆ ಕೊಟ್ಟ ಜವಾಬು. ಶ್ರೀನು ಇನ್ನೂ ಮರಳಿ ಬಂದಿಲ್ಲ.

ಈ ಲೇಖನಕ್ಕೆಂದು ಪತ್ರಿಕೆಯ ಫೋಟೊಗ್ರಾಫರ್ ಬರುವ ಸುದ್ದಿ ಹಿಂದಿನ ದಿನವೇ ಊರಿಗೆ ತಲುಪಿದೆ. ಬೆಳಿಗ್ಗೆ ಆಟೊ ನಿಲ್ಲುತ್ತದೆ. ಶಿವಲಕ್ಷ್ಮಿ ಇವತ್ತು ಒಗೆದ ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದಾಳೆ. ಅವಳ ಕೈ ಹಿಡಿದು ಇಳಿಯುವ ಹರಿತಾಳಿಗೆ ಈಗ ಐದು ವರ್ಷ. ಸುಭದ್ರಮ್ಮ ಗದ್ದ ಹಿಡಿದು ನೋಡುತ್ತಾರೆ. ಎಡಗೆನ್ನೆಯ ಮೇಲೆ ದುಂಡನೆಯ ಬೊಟ್ಟು, ಆ ಫೋಟೊ ಹೊರಬಿದ್ದ ಮೇಲೆ ತಾಯಿ ಇಟ್ಟ ಮೊದಲ ಬೊಟ್ಟು.

ಶಿವಲಕ್ಷ್ಮಿ ಆಟೊದವನಿಗೆ ಹೊರಡಲು ಹೇಳಿ, ಫೋಟೊಗ್ರಾಫರನ ಮುಂದೆ ಬಂದು ನಿಲ್ಲುತ್ತಾಳೆ. "ತಾಯಿ ಮಗಳದು ಕೂಡಿಸಿ ತೆಗೀರಿ. ನನ್ನ ಹೆಸರು ಬರೀರಿ. ನೋಡಿದವ್ರಿಗೆ ಗೊತ್ತಾಗಲಿ." ಒಂದು ದಿನದ ಕೂಲಿ ಬಿಟ್ಟು ನಿಂತಿದ್ದಾಳೆ. ಫೋಟೊಗ್ರಾಫರ್ ಕ್ಯಾಮೆರಾ ಎತ್ತುತ್ತಾನೆ. ತಾಯಿ ಮಗಳನ್ನು ಎತ್ತಿಕೊಳ್ಳಲು ಬಾಗುತ್ತಾಳೆ.

ಹರಿತಾ ಹಿಂದೆ ಸರಿಯುತ್ತಾಳೆ. ಕ್ಯಾಮೆರಾವನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿ, ಸುಭದ್ರಮ್ಮನ ಹತ್ತಿರ ಓಡಿಬರುತ್ತಾಳೆ. ಅವರ ಸೆರಗಿನ ತುದಿ ಹಿಡಿದು, ಕೊಡದ ನೀರಿಗೆ ಅದ್ದಿ, ತನ್ನ ಕೆನ್ನೆಯನ್ನು ತಾನೇ ಗಸಗಸ ಉಜ್ಜಿಕೊಳ್ಳುತ್ತಾಳೆ. ಬೊಟ್ಟು ಕಿವಿಯವರೆಗೆ ಹರಡುತ್ತದೆ, ಆದರೂ ಬಿಡುವುದಿಲ್ಲ.

ಶಿವಲಕ್ಷ್ಮಿಯ ಮುಖ ಸಣ್ಣದಾಗುತ್ತದೆ. ಎಷ್ಟು ದಿನದಿಂದ ಕಾದದ್ದು ಇದಕ್ಕಾಗಿ. ಒಂದೇ ಒಂದು ಫೋಟೊ ಅವ್ವಾ, ನಿನ್ನ ಜೊತೆ ನಾನಿರುತ್ತೀನಿ ಎಂದು ಪುಸಲಾಯಿಸುತ್ತಾಳೆ. ಫೋಟೊಗ್ರಾಫರ್, ತಾಯಿಯೇ ಒಪ್ಪಿದ್ದಾರಲ್ಲ ಎನ್ನುವಂತೆ ಸುಭದ್ರಮ್ಮನ ಕಡೆ ನೋಡುತ್ತಾನೆ. ಸುಭದ್ರಮ್ಮ ಕಟ್ಟಿಕೊಂಡ ನಿಯಮದಲ್ಲಿ ತಾಯಿಯ ಬೆರಳಿತ್ತು, ಕೂಸಿನ ಕೈ ಇರಲಿಲ್ಲ. ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು, ಯಾಕವ್ವ, ಬ್ಯಾಡೇನು ಎಂದು ಕೇಳುತ್ತಾರೆ. ಹರಿತಾ ತಲೆಯಾಡಿಸುತ್ತಾಳೆ. ಬೇಡ.

ಶಿವಲಕ್ಷ್ಮಿ ತಾನೇ ಮುಂದೆ ಬಂದು, ಮಗಳ ಕಿವಿಯ ಬಳಿ ಉಳಿದ ಮಸಿಯನ್ನು ಹೆಬ್ಬೆರಳಿನಿಂದ ಒರೆಸುತ್ತಾಳೆ. ನನ್ನ ಹೆಸರೂ ಬೇಡ, ಬೇರೆ ಯಾವುದಾದರೂ ಹಾಕಿ ಎನ್ನುತ್ತಾಳೆ. ಹಾಗಾಗಿ ಇಲ್ಲಿರುವ ತಾಯಿ ಮಗಳ ಹೆಸರು ಅವರದಲ್ಲ, ಶಿವಲಕ್ಷ್ಮಿಯೇ ಆರಿಸಿಕೊಟ್ಟದ್ದು.

ಫೋಟೊಗ್ರಾಫರ್ ಕ್ಯಾಮೆರಾ ಚೀಲಕ್ಕೆ ಹಾಕುತ್ತಾ, ಪುಟದಲ್ಲಿ ಚಿತ್ರದ ಜಾಗ ಖಾಲಿ ಉಳಿಯುತ್ತದಲ್ಲ ಎಂದು ಪೇಚಾಡುತ್ತಾನೆ. ಸುಭದ್ರಮ್ಮ ಹರಿತಾಳನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೊರಟವರು ಬಾಗಿಲಲ್ಲಿ ತಿರುಗುತ್ತಾರೆ. ಇಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು.

"ಖಾಲಿ ಯಾಕ ಬಿಡ್ತೀರಿ? ಆ ಜಾಗದಾಗ ಬರೀರಿ, ಕೂಸು ಬ್ಯಾಡ ಅಂತು ಅಂತ."